ನಾಲ್ಕು ಬೋಲ್ಟು, ನಾಲ್ಕು ಗೆರೆ

ನನ್ನ ಗಾಡಿಯ ಹ್ಯಾಂಡಲ್ ಬೋಲ್ಟುಗಳನ್ನು ಸಡಿಲ ಬಿಟ್ಟವನು ನಾನೇ. ಭೀಮಶಾ ಕಾಕಾ ಅಲ್ಲ.

ಹನ್ನೊಂದು ವರ್ಷ ಈ ಮಾತನ್ನು ಬಾಯೊಳಗೇ ಇಟ್ಟುಕೊಂಡು ತಿರುಗಿದೆ. ಈಗ ಬರೆದಾಯಿತು, ಆದರೂ ಹಗುರವಾಗಿಲ್ಲ. ಈ ಎರಡು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಕುರ್ಚಿ ಬಿಟ್ಟು ಎದ್ದಿದ್ದೇನೆ. ಒಮ್ಮೆ ನೀರು ಕುಡಿಯಲು, ಒಮ್ಮೆ ಫ್ಯಾನ್ ಹಾಕಲು, ಮತ್ತೊಮ್ಮೆ ಅದೇ ಫ್ಯಾನ್ ಆರಿಸಲು. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಮೋಟೊಕ್ರಾಸ್ ಹುಚ್ಚು ಹಿಡಿದದ್ದೂ ಅದಕ್ಕೇ ಇರಬೇಕು — ಡಾಂಬರು ಕಾಣದ ಬೈಕ್ ರೇಸು ಅದು, ಮಣ್ಣಿನ ದಿಬ್ಬ ಹತ್ತಿ ಗಾಡಿಸಮೇತ ಗಾಳಿಯಲ್ಲಿ ಹಾರಿ ಆಚೆ ಇಳಿಯುವುದು. ನೆಲದ ಮೇಲೆ ಇರುವ ಹೊತ್ತೇ ಕಡಿಮೆ. ನನಗೆ ಅಷ್ಟೇ ಬೇಕಾಗಿತ್ತು.

ವಾಡಿ ಮತ್ತು ಶಹಾಬಾದ್ ನಡುವೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕೈಬಿಟ್ಟ ಖಣಿಯೊಂದಿದೆ. ಕಲ್ಲು ಕಡಿದು ಮುಗಿದ ಮೇಲೆ ಉಳಿದ ಚೂರುಗಳ ಗುಡ್ಡೆ, ಅದರ ಮೇಲೆ ನಾವೇ ಟ್ರ್ಯಾಕ್ಟರಿನಲ್ಲಿ ತಂದು ಸುರಿದ ಮಣ್ಣು — ಅದೇ ನಮ್ಮ ಅಭ್ಯಾಸದ ಬಯಲು. ಹೋಗುತ್ತಿದ್ದವರು ನಾಲ್ಕು ಜನ ಸವಾರರು. ನಾಲ್ವರ ಗಾಡಿಯನ್ನೂ ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಶಹಾಬಾದ್ ರಸ್ತೆಯಲ್ಲಿ ಸಣ್ಣ ಗ್ಯಾರೇಜಿಟ್ಟಿದ್ದ ಭೀಮಶಾ ಕಾಕಾ. ಆಗ ಅವರಿಗೆ ಐವತ್ತರ ಆಸುಪಾಸು. ಗ್ಯಾರೇಜಿನ ಗೋಡೆಗೆ ಬುದ್ಧನದೊಂದು, ಬಾಬಾಸಾಹೇಬರದೊಂದು ಫೋಟೊ. ಅದರ ಕೆಳಗಿನ ಹಲಗೆಯ ಮೇಲೆ ಬೋಲ್ಟು ತಿರುಗಿಸುವ ಪಾನಾಗಳ ಸಾಲು, ಸಾಲಿನ ಕೊನೆಗೆ ಒಂದು ಕೆಂಪು ನೇಲ್ ಪಾಲಿಶ್ ಬಾಟಲಿ.

ಆ ಬಾಟಲಿಯನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಕಾಕಾ ಯಾವ ಬೋಲ್ಟನ್ನು ಬಿಗಿ ಮಾಡಿದರೂ, ಪಾನಾ ಕೆಳಗಿಟ್ಟು, ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶಿನಿಂದ ಒಂದು ತೆಳ್ಳನೆ ಗೆರೆ ಎಳೆಯುತ್ತಿದ್ದರು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣಬೇಕು. ಗೆರೆ ಇದ್ದರೆ ಬಿಗಿಯಾಗಿದೆ, ಇಲ್ಲದಿದ್ದರೆ ಆಗಿಲ್ಲ — ಅವರಿಗೆ ಅಷ್ಟೇ ಲೆಕ್ಕ. ನೆನಪನ್ನು ಅವರು ನಂಬುತ್ತಿರಲಿಲ್ಲ. ಗಾಡಿ ಹತ್ತುವ ಮೊದಲು ಸವಾರ ಪ್ರತಿ ಗೆರೆಯನ್ನೂ ಬೆರಳಿಟ್ಟು ನೋಡಬೇಕು, ತಾನಾಗಿ ಒಂದು ಬೋಲ್ಟನ್ನೂ ಮುಟ್ಟಬಾರದು. ಇವೆರಡೇ ಅವರು ನಮಗೆ ಹಾಕಿದ್ದ ಷರತ್ತು.

ಆ ಬೆಳಿಗ್ಗೆ ಎರಡನ್ನೂ ಮುರಿದೆ.

ಯಾವುದೋ ವಿಡಿಯೊದಲ್ಲಿ ನೋಡಿದ್ದೆ — ಹ್ಯಾಂಡಲ್ಲನ್ನು ಸ್ವಲ್ಪ ಮುಂದಕ್ಕೆ ವಾಲಿಸಿದರೆ ಹಾರುವಾಗ ಹಿಡಿತ ಚೆನ್ನಾಗಿ ಸಿಗುತ್ತದಂತೆ. ಹಿಂದಿನ ದಿನವೇ ಕಾಕಾನಿಗೆ ಹೇಳಿದ್ದೆ, ಅವರು ಬೇಡವೆಂದಿದ್ದರು. ಚಂದ್ರಂಪಳ್ಳಿ ಕಡೆಯ ಕೆಂಪು ಮಣ್ಣಿನಲ್ಲಿ ನಡೆಯಲಿದ್ದ ರೇಸಿಗೆ ಹದಿನೈದೇ ದಿನ ಉಳಿದಿತ್ತು, ನನಗೆ ತಡೆಯಲಾಗಲಿಲ್ಲ. ಕಾಕಾ ದಿಬ್ಬದ ಆಚೆ ಗಾಡಿ ಇಳಿಯುವ ಜಾಗಕ್ಕೆ ಸುಣ್ಣದ ಪುಡಿ ಹಾಕಲು ಹೋಗಿದ್ದರು. ನಾಲ್ಕೂ ಬೋಲ್ಟು ಬಿಚ್ಚಿದೆ. ಬಿಚ್ಚಲು ಎರಡೂ ಕೈ ಹಾಕಬೇಕಾಯಿತು, ಅಷ್ಟು ಬಿಗಿಯಿದ್ದವು. ಹ್ಯಾಂಡಲ್ ವಾಲಿಸಿ, ಬೋಲ್ಟುಗಳನ್ನು ಬೆರಳಲ್ಲೇ ತಿರುಗಿಸಿ ಕೂರಿಸಿದೆ. ಪಾನಾ ಹಾಕಿ ಬಿಗಿ ಮಾಡಬೇಕು, ಅಷ್ಟರಲ್ಲಿ ನನ್ನ ಸರದಿ ಬಂತೆಂದು ಗೆಳೆಯರು ಕೂಗಿದರು. ಒಂದು ಸುತ್ತು ಹೊಡೆದು ಬಂದು ಬಿಗಿ ಮಾಡಿದರಾಯಿತು ಅಂದುಕೊಂಡೆ. ಮರೆತೆ ಎಂದು ಹೇಳಿದರೆ ಅದೂ ಸುಳ್ಳಾದೀತು. ಗೊತ್ತಿದ್ದೇ ಹತ್ತಿದೆ.

ದಿಬ್ಬದ ಆಚೆಯಿಂದ, ಮೊಣಕೈವರೆಗೆ ಸುಣ್ಣ ಮೆತ್ತಿಕೊಂಡಿದ್ದ ಕಾಕಾ ಕೂಗಿ ಕೇಳಿದರು:

"ಮಲ್ಲೂ, ಗೆರಿ ನೋಡಿದೇನು?"

"ನೋಡೀನ್ರೀ ಕಾಕಾ!"

ಹಾರಿದ್ದು ನೆನಪಿದೆ. ಇಳಿದ ಕ್ಷಣ ಮೈಭಾರವೆಲ್ಲ ಕೈಗೆ ಬಂತು, ಹ್ಯಾಂಡಲ್ ಹಿಡಿದಂತೆಯೇ ಕೆಳಕ್ಕೆ ತಿರುಗಿಹೋಯಿತು. ಆಮೇಲೆ ಬಲಗಾಲಿನ ಮೇಲೆ ಗಾಡಿ, ಗಾಡಿಯ ಕೆಳಗೆ ಕಲ್ಲು. ಮೊಣಕಾಲಿನ ಕೀಲು ಕೂರುವ ಎಲುಬಿನ ತಲೆಯೇ ಒಡೆದಿತ್ತು. ಕಲಬುರಗಿಯ ಆಸ್ಪತ್ರೆಯವರೆಗೂ ಕಾಕಾ ಆ ಕಾಲನ್ನು ಅಲುಗಾಡದಂತೆ ತಮ್ಮ ತೊಡೆಯ ಮೇಲೆ ಹಿಡಿದು ಕೂತಿದ್ದರು. ಅವರ ಕೈಯ ಸುಣ್ಣವೆಲ್ಲ ನನ್ನ ಪ್ಯಾಂಟಿಗೆ ಹತ್ತಿತ್ತು.

ಡಾಕ್ಟರು ಪ್ಲೇಟು ಕೂರಿಸಿ ಏಳು ಸ್ಕ್ರೂ ಬಿಗಿದರು. ಎಚ್ಚರವಾದಾಗ ಅಪ್ಪ ಪಕ್ಕದಲ್ಲಿದ್ದರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇದ್ದವರು ಅವರು, ಕೆಲಸದಲ್ಲಿ ಒಂದು ತಪ್ಪನ್ನೂ ಸಹಿಸದವರು. ನಿನ್ನ ತಪ್ಪಿನಿಂದ ಒಮ್ಮೆ ಬಿದ್ದರೆ ಅವತ್ತೇ ಈ ಗಾಡಿ ಮನೆಯಿಂದ ಹೊರಗೆ ಎಂದು ಮೊದಲೇ ಹೇಳಿದ್ದರು.

"ಏನಾಯ್ತು, ಖರೇ ಹೇಳು," ಅಂದರು.

"ಹ್ಯಾಂಡಲ್ ತಿರುಗ್ತು ಅಪ್ಪಾ. ಬೋಲ್ಟ್ ಸಡ್ಲ ಇದ್ವು."

ನೋಡಿ — ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳು ಹೇಳುವ ಕಷ್ಟವನ್ನೂ ನಾನು ತೆಗೆದುಕೊಳ್ಳಲಿಲ್ಲ. ಅರ್ಧ ಹೇಳಿ ಬಿಟ್ಟೆ, ಉಳಿದರ್ಧವನ್ನು ಅಪ್ಪ ತುಂಬಿಕೊಂಡರು.

"ನಾ ಮದ್ಲೇ ಹೇಳಿದ್ದೆ. ಅಂಥವರ ಕೈಯಾಗ ಜೀವಾ ಕೊಟ್ಟಿ ನೋಡು."

'ಅಂಥವರ' ಎಂದರೆ ಯಾರ ಎಂದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಗುಂಡಗುರ್ತಿಯ ನಮ್ಮ ಹಿರಿಯರ ಮನೆಯಿಂದ ವಾಡಿಯ ಈ ಮನೆಯವರೆಗೂ ಆ ಮಾತು ನಮ್ಮ ಜೊತೆಗೇ ಬಂದಿತ್ತು. ಕಾಕಾ ನಮ್ಮಲ್ಲಿಗೆ ಬಂದರೆ ಪಡಸಾಲೆ ದಾಟುತ್ತಿರಲಿಲ್ಲ. ಅವರಿಗೆಂದೇ ಚಹಾದ ಬೇರೆ ಕಪ್ಪು ಇತ್ತು — ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮತ್ತೊಮ್ಮೆ ಹೇಳುವ ಧೈರ್ಯ ಬರುತ್ತದೋ ಇಲ್ಲವೋ. ನನ್ನ ಅರ್ಧ ಮಾತು ಬೀಳಲಿಕ್ಕೆ ಜಾಗ ಸಿದ್ಧವಾಗಿತ್ತು. ನನಗದು ಗೊತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ನೋವು ಎಂದು ನರಳಿದೆ.

ಮನೆಗೆ ಬಂದೆ. ಆರು ವಾರ ಬಲಗಾಲನ್ನು ನೆಲಕ್ಕೆ ಊರುವಂತಿಲ್ಲ. ಆ ದಿನಗಳನ್ನು ಹೇಗೆ ಕಳೆದೆನೋ! ವಾಡಿ ಜಂಕ್ಷನ್ನಿಗೆ ಬರುವ ರೈಲುಗಾಡಿಗಳನ್ನೆಲ್ಲ ಸದ್ದಿನಿಂದಲೇ ಗುರುತಿಸುವಷ್ಟಾದೆ. ಪಟ್ಟಿಯ ಒಳಗೆ ತುರಿಕೆ, ತಲೆಯ ಒಳಗೂ ತುರಿಕೆ. ಗಟ್ಟಿಯಿದ್ದ ಎಡಗಾಲು ಹಾಸಿಗೆಯ ಮೇಲೆ ತನ್ನಷ್ಟಕ್ಕೆ ಗೇರು ಬದಲಿಸುತ್ತಿತ್ತು. ಅವ್ವನ ಮೇಲೆ ರೇಗಿದೆ, ಊಟದ ತಟ್ಟೆ ತಳ್ಳಿದೆ. ಎಲ್ಲರೂ ಅಂದರು, ಪಾಪ, ಓಡಾಡುವ ಹುಡುಗ, ಮಲಗಿ ಬೇಸತ್ತಿದ್ದಾನೆ. ನನ್ನ ಸಂಕಟ ಬೇರೆಯೇ ಇತ್ತು. ಗೆಳೆಯರು ಗಾಡಿಯನ್ನು ತಂದು ಪಡಸಾಲೆಯಲ್ಲಿ ತಾಡಪತ್ರಿ ಮುಚ್ಚಿ ನಿಲ್ಲಿಸಿದ್ದರು. ನಾಳೆ ಬಂದು ನೋಡುತ್ತೇನೆಂದು ಕಾಕಾ ಹೇಳಿ ಕಳಿಸಿದ್ದರು.

ತಾಡಪತ್ರಿ ಎತ್ತಿದರೆ ಅವರಿಗೆ ಏನು ಕಾಣುತ್ತದೆ? ನಾಲ್ಕು ಬೋಲ್ಟು, ನಾಲ್ಕಕ್ಕೂ ತುಂಡಾದ ಗೆರೆ. ಅದುರಿ ಒಂದು ಬೋಲ್ಟು ಸಡಿಲವಾದೀತು, ನಾಲ್ಕೂ ಒಟ್ಟಿಗೆ ಆಗುವುದಿಲ್ಲ. ಯಾರದೋ ಕೈ ಬಿಚ್ಚಿದೆ ಎಂದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ಮಧ್ಯಾಹ್ನ ಅವ್ವ ಪಕ್ಕದ ಮನೆಗೆ ಹೋದಾಗ ವಾಕರ್ ಹಿಡಿದು ಎದ್ದೆ. ಒಂಟಿಗಾಲಲ್ಲಿ ಕುಪ್ಪಳಿಸುತ್ತ ಪಡಸಾಲೆಗೆ ಬಂದೆ. ಗಾಯ ಒರೆಸುವ ಸ್ಪಿರಿಟ್ ಹಚ್ಚಿ, ಬ್ಲೇಡಿನಿಂದ ಕೆರೆದು, ನಾಲ್ಕೂ ಗೆರೆಗಳನ್ನು ಚೂರೂ ಉಳಿಯದಂತೆ ತೆಗೆದೆ. ಮೊಣಕಾಲು ಮುರಿದ ಮೇಲೆ ನಾನಾಗಿ ಎದ್ದು ನಡೆದದ್ದು ಅದೇ ಮೊದಲು. ಆ ನಡಿಗೆ ಇದಕ್ಕೆ.

ಮರುದಿನ ಕಾಕಾ ಬಂದರು. ತಾಡಪತ್ರಿ ಸರಿಸಿ ಹ್ಯಾಂಡಲ್ ಬಳಿ ಬಗ್ಗಿದರು. ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಒಂದೊಂದೇ ಬೋಲ್ಟನ್ನು ಸವರಿದರು. ನಾನು ಒಳಗಿನ ಮಂಚದಿಂದ, ತೆರೆದ ಬಾಗಿಲಲ್ಲಿ ಎಲ್ಲವನ್ನೂ ನೋಡುತ್ತಿದ್ದೆ.

"ಗೆರಿ ಇಲ್ಲ," ಅಂದರು. "ಒಂದಕ್ಕೂ ಇಲ್ಲ. ಹಾಕಿದ್ದು ನೆನಪದಾ ನನಗ... ಖರೇನೇ ನೆನಪದಾ. ಆದ್ರ ಗೆರಿ ಇಲ್ಲಲ್ಲ. ಅಂದ್ರ ನಾ ಬಿಗಿ ಮಾಡೇ ಇಲ್ಲ." ಅಲ್ಲೇ ಫರ್ಸಿಯ ಮೇಲೆ ಕೂತುಬಿಟ್ಟರು. "ತಪ್ಪಾಗ್ಯಾದ ಮಲ್ಲು. ನಿನ್ನ ಕಾಲು ನಾ ಮುರದೆ."

ಬಾಯಿ ತೆರೆದೆ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊರಗೆ ಬಿದ್ದದ್ದು ಇದು:

"ಆಗ್ಲಿ ಬಿಡ್ರೀ ಕಾಕಾ. ಮನುಷ್ಯಾ ಅಂದಮ್ಯಾಲ ಮರೀತಾನ."

ನಾನು ಅವರನ್ನು ಕ್ಷಮಿಸಿದೆ! ಇದನ್ನು ನೆನೆದರೆ ಇವತ್ತಿಗೂ ಇದ್ದಲ್ಲಿ ಇರಲಾಗುವುದಿಲ್ಲ.

ಅಂದಿನಿಂದ ಅವರು ದಿನವೂ ಬಂದರು. ಮೊಣಕಾಲು ಮಡಿಸುವ ವ್ಯಾಯಾಮವನ್ನು ಆಸ್ಪತ್ರೆಯವರು ಹೇಳಿಕೊಟ್ಟಿದ್ದರು, ಮಾಡಿಸಿದವರು ಕಾಕಾ. ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕೂರಿಸಿ, ಹಿಮ್ಮಡಿಯನ್ನು ನನ್ನ ಕಡೆಗೆ ಎಳೆದುಕೊಳ್ಳಲು ಹೇಳುವರು. "ಇನ್ನೊಂದು ಬೆರಳಷ್ಟು ಜಗ್ಗಪಾ, ಇನ್ನೊಂದು ಬೆರಳಷ್ಟು." ನಾನು ನೋವಿಗೆ ಬಯ್ಯುವೆ, ಅವರು ಬಯ್ಸಿಕೊಳ್ಳುವರು. ವಾರಕ್ಕೊಮ್ಮೆ ಹಿಮ್ಮಡಿ ತಲುಪಿದ ಜಾಗಕ್ಕೆ ನೆಲದ ಮೇಲೆ ಅದೇ ನೇಲ್ ಪಾಲಿಶಿನಿಂದ ಗೆರೆ ಎಳೆಯುವರು. ಹೀಗೆ ಒಂಬತ್ತು ಗೆರೆ. ಒಂಬತ್ತನೆಯದನ್ನು ಎಳೆದ ದಿನ, "ಇನ್ನ ಕಿಕ್ ಹೊಡಿಲಿಕ್ಕ ಅಡ್ಡಿಲ್ಲ," ಎಂದು ನಕ್ಕರು. ಆ ದಿನ ಅವರ ಮುಖದಲ್ಲಿ ಕಂಡ ನಗು ನನ್ನ ಗೆಲುವಿನದಲ್ಲ, ಅವರಿಗೆ ಸಿಕ್ಕ ಬಿಡುಗಡೆಯದು. ಮಾಡದ ತಪ್ಪಿನ ಬಿಡುಗಡೆ. ಆಮೇಲೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು.

ಗ್ಯಾರೇಜನ್ನೂ ನಿಲ್ಲಿಸಿದರು. ಮೊದಲು ರೇಸಿನ ಗಾಡಿ ಬೇಡವೆಂದರು, ನಂತರ ಬ್ರೇಕಿನ ಕೆಲಸ, ಕೊನೆಗೆ ಬಾಗಿಲೇ ಎಳೆದರು. ಮಲ್ಲುವಿನ ಕಾಲು ಮುರಿದವನು ಎಂದು ಯಾರೂ ಅವರೆದುರು ಅನ್ನಲಿಲ್ಲ, ಹಿಂದೆ ಎಲ್ಲರೂ ಅಂದರು. ನಾನು ಎರಡು ವರ್ಷ ರೇಸು ಆಡಿದೆ. ಪ್ರತಿ ಸಲ ಗಾಡಿ ಹತ್ತುವಾಗ ಒಂದೇ ಕೂಗು ಕಿವಿಗೆ ಬರುತ್ತಿತ್ತು, ದಿಬ್ಬದ ಆಚೆಯಿಂದ. ಬಿಟ್ಟುಬಿಟ್ಟೆ. ಮೊಣಕಾಲು ನೋಯುತ್ತದೆ ಎಂದು ಹೇಳಿದೆ. ಏಳು ಸ್ಕ್ರೂಗಳಲ್ಲಿ ಒಂದೂ ಸಡಿಲವಾಗಿರಲಿಲ್ಲ. ಈಗ ಸೇಡಂನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದೇನೆ.

ಹೋದ ರವಿವಾರ ಸಾಮಾನು ಕೊಡಲು ಆದಿತ್ಯನಗರಕ್ಕೆ ಹೋಗಿದ್ದೆ. ಕಾಲೊನಿಯ ಗೇಟಿನಲ್ಲಿ ಕಾವಲಿಗೆ ಕಾಕಾ ಇದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಪಾಳಿ ಮುಗಿದಿತ್ತು, ಸಣ್ಣ ಗೇಟಿಗೆ ಬೀಗ ಹಾಕಿ ಜಗ್ಗಿ ನೋಡಿದರು. ನಾಲ್ಕು ಹೆಜ್ಜೆ ಬಂದು, ತಿರುಗಿ ಹೋಗಿ ಮತ್ತೆ ಜಗ್ಗಿದರು. ಮತ್ತೊಮ್ಮೆ. ನನ್ನನ್ನು ಕಂಡು ಮನೆಗೆ ಕರೆದೊಯ್ದರು. ಚಹಾ ಕೊಟ್ಟರು, ತಾವು ಕುಡಿಯುವಂಥದೇ ಕಪ್ಪಿನಲ್ಲಿ.

ಅಂಗಳದಲ್ಲಿ ಮೊಮ್ಮಗಳ ಸೈಕಲ್ ನಿಂತಿತ್ತು. ಹ್ಯಾಂಡಲ್ ಅಲುಗಾಡುತ್ತಿತ್ತು. ಕಾಕಾ ಒಳಗಿಂದ ಪಾನಾ ತಂದು ನನ್ನ ಕೈಗೆ ಕೊಟ್ಟರು.

"ನೀ ಬಿಗಿ ಮಾಡಪಾ. ನನ್ನ ಕೈ ನಂಬಂಗಿಲ್ಲ. ನಿನಗ ಗೊತ್ತೇ ಅದಾ."

ಬಿಗಿ ಮಾಡಿದೆ. ಪಾನಾ ಹಿಡಿದೇ ನಿಂತೆ. ಕಾಲು ಅಲುಗಲಿಲ್ಲ — ಜೀವಮಾನದಲ್ಲಿ ಮೊದಲ ಸಲ ನಿಂತಲ್ಲಿ ನಿಂತಿದ್ದೆ.

"ಕಾಕಾ, ಅವತ್ತು ಬೋಲ್ಟ್ ಬಿಚ್ಚಿದಾಂವ ನಾನ್ರೀ. ಗೆರಿ ಕೆರದು ತಗದಾಂವನೂ ನಾನೇ."

ಅವರು ಬಯ್ಯಲಿಲ್ಲ. ಬಯ್ಯುತ್ತಾರೆಂದು ಮೈ ಗಟ್ಟಿ ಮಾಡಿಕೊಂಡಿದ್ದೆ. ಸೈಕಲ್ಲಿನ ಬೋಲ್ಟಿನ ಮೇಲೆ ಹೆಬ್ಬೆರಳಿಟ್ಟು ಕೇಳಿದರು:

"ನಾಕಕ್ಕೂ ಹಾಕಿದ್ನೇನು ಗೆರಿ?"

"ನಾಕಕ್ಕೂ ರೀ."

"ಬಿಗಿ ಇದ್ವೇನು?"

"ಭಾಳ ಬಿಗಿ ಇದ್ವು. ಬಿಚ್ಚಲಿಕ್ಕ ಎರಡೂ ಕೈ ಹಚ್ಚಿದ್ದೆ."

ತಮ್ಮ ಎರಡೂ ಅಂಗೈಗಳನ್ನು ಹೊರಳಿಸಿ ನೋಡಿಕೊಂಡರು. ನನ್ನ ಕೈಯಿಂದ ಪಾನಾ ತೆಗೆದುಕೊಂಡರು. ನಾನು ಆಗಷ್ಟೇ ಬಿಗಿ ಮಾಡಿದ್ದ ಬೋಲ್ಟನ್ನು ಬಿಚ್ಚಿ, ತಾವೇ ಹೊಸದಾಗಿ ಬಿಗಿದರು. ಒಳಗೆ ಹೋಗಿ ಮನೆಯವರ ನೇಲ್ ಪಾಲಿಶ್ ತಂದು, ಬಗ್ಗಿ ಒಂದು ಗೆರೆ ಎಳೆದರು. ಗೆರೆ ಸೊಟ್ಟ ಬಂತು.

"ಹೋಗು," ಅಂದರು, ನನ್ನ ಕಡೆ ನೋಡದೆ.

ಹೊರಟೆ. ಕಪ್ಪಿನಲ್ಲಿ ಅರ್ಧ ಚಹಾ ಉಳಿದಿತ್ತು. ಮತ್ತೆ ಬಾ ಎಂದು ಅವರು ಹೇಳಲಿಲ್ಲ, ಹೇಳಬೇಕೆಂದು ನಾನು ಕೇಳುವಂತೆಯೂ ಇಲ್ಲ. ಅಂದೇ ಸಂಜೆ ವಾಡಿಗೆ ಹೋಗಿ ಅಪ್ಪನಿಗೆ ಹೇಳಿದೆ. ಉಳಿದ ಮೂವರು ಸವಾರರಲ್ಲಿ ಇಬ್ಬರು ಚಿತ್ತಾಪುರದಲ್ಲಿದ್ದಾರೆ, ಒಬ್ಬ ಚಿಂಚೋಳಿಯಲ್ಲಿ. ಈ ವಾರ ಅವರ ಮನೆಗಳಿಗೆ ಹೋಗುತ್ತೇನೆ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಅವರು ಯಾರು ಯಾರಿಗೆ ಹೇಳಿದ್ದರೋ ಕೇಳಿಕೊಂಡು ಅವರಲ್ಲಿಗೂ ಹೋಗಬೇಕು. ಹನ್ನೊಂದು ವರ್ಷ ಕೂರಲಾರದೆ ಸುಮ್ಮಸುಮ್ಮನೆ ತಿರುಗಿದ್ದೇನೆ, ಇನ್ನು ಮೇಲಾದರೂ ತಿರುಗಾಟಕ್ಕೊಂದು ಕೆಲಸವಿದೆ.

ಪಡಸಾಲೆಯ ನೆಲದ ಮೇಲೆ ಆ ಒಂಬತ್ತು ಗೆರೆಗಳು ಇನ್ನೂ ಇವೆ. ಅಪ್ಪ ಆ ಸಂಜೆ ಅವುಗಳನ್ನು ದಾಟಿ ಒಳಗೆ ಹೋಗುವಾಗ ಒಂದನ್ನೂ ತುಳಿಯದಂತೆ ಕಾಲು ತಪ್ಪಿಸಿ ಇಟ್ಟರು.