ಅವ್ವ ವಾಪಸ್ ಕೇಳಿದ ಗುಂಯ್ ಸಪ್ಪಳ

ಗೆಳೆಯರೇ, ಸೌಂಡ್ ಕಾರ್ಡ್ ಸುಧಾರಿಸಲು ಹೋಗಿ ಇವತ್ತು ಅವ್ವನ ಮನಸ್ಸು ಕೆಡಿಸಿದೆ.

ತೀರಿಹೋದ ಅಪ್ಪ ಅಕ್ಕಲಕೋಟದ ಮನೆಯಲ್ಲಿ ಹಾಡಿದ ಭಜನೆಯೊಂದು ನಮ್ಮ ಸೋಲಾಪುರದ ಮನೆಯ ಕಂಪ್ಯೂಟರಿನಲ್ಲಿದೆ. ಅವ್ವ ಪ್ರತಿ ಗುರುವಾರ ಅದನ್ನು ಕೇಳುತ್ತಾಳೆ. ಅಗ್ಗದ ಸೌಂಡ್ ಕಾರ್ಡು, ಹಾಡಿನುದ್ದಕ್ಕೂ ಗುಂಯ್ ಅನ್ನುತ್ತಿತ್ತು. ನಿನ್ನೆ ಕೂತು ಆ ಸಪ್ಪಳ ತರುತ್ತಿದ್ದ ಹಳೆಯ ಕೆಪ್ಯಾಸಿಟರ್‌ಗಳನ್ನೆಲ್ಲ ಕಿತ್ತು ಒಳ್ಳೆಯವನ್ನು ಬೆಸುಗೆ ಹಾಕಿದೆ. ಇವತ್ತು ಜಂಬದಿಂದ ಅವ್ವನೆದುರು ಭಜನೆ ಹಚ್ಚಿದೆ.

ಗುಂಯ್ ಸಪ್ಪಳ ಪೂರ್ತಿ ಹೋಗಿತ್ತು. ಅಪ್ಪನ ದನಿಯ ಹಿಂದೆ, ಈವರೆಗೆ ಕೇಳಿಸದ ಒಂದು ಸಣ್ಣ ಹೆಣ್ಣುದನಿಯೂ ಹಾಡುತ್ತಿತ್ತು. ನಡುವೆ ಅಪ್ಪ ಮೆಲ್ಲಗೆ ಗದರಿದ್ದ: "ಏ, ನೀ ಸುಮ್ಕ ಕುಂದರ. ರೆಕಾರ್ಡಿಂಗ್ ಖರಾಬ್ ಆಗತೈತಿ."

ಹೆಣ್ಣುದನಿ ಅಲ್ಲಿಗೇ ನಿಂತುಹೋಯಿತು.

"ಅದು ನಂದಽ ದನಿ," ಅಂದಳು ಅವ್ವ. "ಅವತ್ತಿನಿಂದ ನಾ ಹಾಡಿಲ್ಲ. ಯಾಕ ಬಿಟ್ಟೆ ಅನ್ನೂದು ಮರತಿದ್ದೆ."

ನಾನು ಭಜನೆ ನಿಲ್ಲಿಸಿದೆ. ಆಮೇಲೆ ಅವಳೇ ಕೇಳಿದಳು: "ಯವ್ವಾ ಮಗಳಽ, ಆ ಗುಂಯ್ ಸಪ್ಪಳ ಪರತ ಹಾಕಾಕ ಬರ್ತೈತೇನ?"

ಹಳೆಯ ಕೆಪ್ಯಾಸಿಟರ್‌ಗಳು ಬೆಳಗ್ಗೆಯೇ ಕಸದ ಘಂಟಾಗಾಡಿ ಹತ್ತಿ ಹೋಗಿವೆ. ಹೊಸವು ಎಷ್ಟು ವರ್ಷವಾದರೂ ಕೆಡುವುದಿಲ್ಲ ಎಂದು ಅಂಗಡಿಯವನು ಗ್ಯಾರಂಟಿ ಬೇರೆ ಕೊಟ್ಟಿದ್ದಾನೆ.