ಬುಗುರಿಯಕ್ಕ ತಲೆಯಾಡಿಸಿದ್ದು

ನಮ್ಮ ಆಸ್ಪತ್ರೆಯ ನೆಲ ಒರೆಸುವ ಹೆಂಗಸನ್ನು ಎಲ್ಲರೂ ಬುಗುರಿಯಕ್ಕ ಎನ್ನುತ್ತಾರೆ. ಹೆಸರಿಟ್ಟವಳು ನಾನೇ. ನಿಂತಲ್ಲಿ ನಿಲ್ಲುವುದು ಅವಳ ಜಾಯಮಾನದಲ್ಲೇ ಇಲ್ಲ. ಹೆರಿಗೆ ವಾರ್ಡಿನಲ್ಲಿ ಬಕೆಟ್ ಬಿಟ್ಟು ಎಕ್ಸ್‌ರೇ ಕೋಣೆಯಲ್ಲಿ ಹುಡುಕುವವಳು. ನಾನೋ, ಇಪ್ಪತ್ತೆರಡು ವರ್ಷದಿಂದ ಚೀಟಿ ಕೌಂಟರಿನ ಕುರ್ಚಿಗೆ ಅಂಟಿಕೊಂಡವಳು. ಅವಳ ಓಡಾಟ ನೋಡಿದರೇ ನನ್ನ ಮಂಡಿ ನೋಯುತ್ತದೆ.

ಒರೆಸುವುದಕ್ಕೆ ಅವಳಿಗೆ ಸಂಬಳ, ಮಾತಿನ ಕೆಲಸ ಬಿಟ್ಟಿ. ಕಟ್ಟಡ ಕೆಲಸಕ್ಕೆಂದು ದೂರದಿಂದ ಬಂದವರ ಭಾಷೆ ಇಡೀ ಆಸ್ಪತ್ರೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳೂ ಅವರಲ್ಲೊಬ್ಬಳೇ, ಗಾರೆಯವನನ್ನು ಮದುವೆಯಾಗಿ ಹತ್ತೊಂಬತ್ತಕ್ಕೆ ಈ ಊರಿಗೆ ಬಂದವಳು. ನಮ್ಮ ಭಾಷೆ ಕಲಿತದ್ದು ನಲ್ಲಿಯ ಹತ್ತಿರ ಜಗಳವಾಡಿ. ಹಾಗಾಗಿ ಬೈಗುಳ ಮೊದಲು ಬಂತು, ಮಿಕ್ಕಿದ್ದು ಆಮೇಲೆ. ಮೊದಲ ಹೆರಿಗೆಗೆ ಇದೇ ವಾರ್ಡಿಗೆ ಬಂದಾಗ ಒಂದು ಹಗಲು ಪೂರ್ತಿ ತನ್ನ ಭಾಷೆಯಲ್ಲಿ ನೀರು ನೀರು ಎಂದು ಕೂಗಿದಳಂತೆ. ನೋವಿಗೆ ಕೂಗುತ್ತಿದ್ದಾಳೆ ಎಂದುಕೊಂಡು ಎಲ್ಲರೂ ಬೆನ್ನು ಸವರಿದರಂತೆ, ನೀರು ಯಾರೂ ಕೊಡಲಿಲ್ಲವಂತೆ. ಅವಳು ಇದನ್ನು ನಗುತ್ತಲೇ ಹೇಳುತ್ತಾಳೆ. ನನಗೆ ನಗು ಬರುವುದಿಲ್ಲ.

ಆ ಗುರುವಾರ ಅವಳು ನನ್ನ ಕೌಂಟರಿಗೆ ಮೂರು ಸಲ ಬಂದಳು. ಮೊದಲ ಸಲ ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಎರಡನೇ ಸಲ ಗಡಿಯಾರದ ಕೆಳಗೆ ನಿಂತು ಗಂಟೆ ಎಷ್ಟೆಂದು ಕೇಳಿದಳು. ಮೂರನೇ ಸಲ ಬಾಯಿಬಿಟ್ಟಳು.

"ಮೇಡಂ, ನಿನ್ನೆ ಮಗು ಎತ್ಕೊಂಡು ಮನೆಗೆ ಹೋದ್ಲಲ್ಲ, ನಮ್ಮ ಕಡೆ ಹುಡುಗಿ. ಅವಳ ಫೈಲಲ್ಲಿ ಕೊನೇ ಸಾಲು ಏನಿದೆ, ಓದಿ ಹೇಳ್ತೀರಾ?"

"ಡಾಕ್ಟರಮ್ಮ ಹೇಳಿದ್ದನ್ನ ಅವಳಿಗೆ ತಿಳಿಸಿದೋಳು ನೀನೇ ತಾನೆ? ಈಗ್ಯಾಕೆ?"

"ಓದಿ ಮೇಡಂ."

ಗೊಣಗುತ್ತ ಫೈಲು ತೆಗೆದೆ. ಡಾಕ್ಟರಮ್ಮನ ಬರಹ ಕಾಗೆ ಕಾಲು ಗುಬ್ಬಿ ಕಾಲು, ಆದರೆ ನಾನು ಪಳಗಿದವಳು, ಬಿಡಿಸಿ ಓದಿ ಹೇಳಿದೆ: ರಕ್ತದೊತ್ತಡ ಏರುವ ಸಂಭವವಿದೆ, ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ಕೂಡಲೇ ಕರೆತರಬೇಕು, ತಡವಾದರೆ ಪ್ರಾಣಕ್ಕೆ ಅಪಾಯ.

ಅವಳ ಮುಖ ಬಿಳುಚಿತು. "ಇದನ್ನ ನಾನು ಹೇಳೇ ಇಲ್ಲ."

"ಮರೆತ್ಯಾ?"

ಅವಳು ನನ್ನ ರಿಜಿಸ್ಟರಿನ ಕಡೆ ಕೈ ತೋರಿಸಿದಳು. "ಅವಳ ಮನೆ ಎಲ್ಲಿ ಅಂತ ಬರ್ಕೊಂಡಿದ್ದೀರಿ?"

ರಿಜಿಸ್ಟರ್ ತೆರೆದೆ. 'ಹೊಸ ಕಟ್ಟಡದ ಹಿಂದಿನ ಶೆಡ್' ಎಂದಿತ್ತು, ನನ್ನದೇ ಕೈಬರಹ. ಈ ಊರಿನಲ್ಲಿ ಹೊಸ ಕಟ್ಟಡ ಒಂದೇ ಎರಡೇ? ಸೇರಿಸಿಕೊಂಡ ದಿನ ನಾನು ಕೇಳಿದ್ದಕ್ಕೆಲ್ಲ ಆ ಹುಡುಗಿ ತಲೆಯಾಡಿಸಿದ್ದಳು. ಫೋನ್ ಇದೆಯಾ ಎಂದರೆ ತಲೆಯಾಡಿಸಿದಳು, ನಂಬರ್ ಹೇಳು ಎಂದರೂ ತಲೆಯಾಡಿಸಿದಳು. ದೊಡ್ಡವರೆದುರು ತಿಳಿಯಲಿಲ್ಲ ಎನ್ನುವುದು ಅವರಲ್ಲಿ ಮರ್ಯಾದೆಯಲ್ಲ ಎಂದು ಬುಗುರಿಯಕ್ಕ ಯಾವತ್ತೋ ಹೇಳಿದ್ದಳು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಆ ಹುಡುಗಿಯ ಹಿಂದೆ ಸಾಲು ಉದ್ದವಿತ್ತು, ನನಗೆ ಚೀಟಿ ತುಂಬಿದರೆ ಸಾಕಾಗಿತ್ತು.

ಪಾಳಿ ಮುಗಿಯಲು ಕೆಲವೇ ನಿಮಿಷ ಬಾಕಿಯಿತ್ತು, ಎರಡು ಗಂಟೆ ಹೊಡೆಯುತ್ತಲೇ ಇಬ್ಬರೂ ಹೊರಟೆವು. ಮೊದಲ ಕಟ್ಟಡದ ಹಿಂದೆ ಜಲ್ಲಿ ರಾಶಿ ಮಾತ್ರ. ಎರಡನೆಯದರ ಕಾವಲುಗಾರ ನಮ್ಮನ್ನು ಒಳಗೇ ಬಿಡಲಿಲ್ಲ. ಬುಗುರಿಯಕ್ಕ ಅರ್ಧ ಓಡುತ್ತಿದ್ದಳು. ನಾನು ಏದುಸಿರು ಬಿಡುತ್ತ ಬೈಯುತ್ತ ಹಿಂದೆ ಬಂದೆ. ಬೈದದ್ದು ಅವಳನ್ನಲ್ಲ, ನನ್ನ ರಿಜಿಸ್ಟರನ್ನು. ಮೂರನೇ ಕಟ್ಟಡದ ಕೆಳಗೆ ನಿಂತು ಅವಳು ತನ್ನ ಭಾಷೆಯಲ್ಲಿ ಕೂಗಿದಳು. ಮೇಲಿನಿಂದ ಒಬ್ಬ ಉತ್ತರ ಕೊಟ್ಟು, ಗಾರೆ ಮೆತ್ತಿದ ಕರಣೆ ಹಿಡಿದ ಕೈಯಲ್ಲೇ ದಾರಿ ತೋರಿಸಿದ.

ತಗಡಿನ ಶೆಡ್ಡಿನ ಕಿಟಕಿಗೆ ಗೋಣಿಚೀಲ ಕಟ್ಟಿದ್ದರು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದಿದ್ದಳಂತೆ ಹುಡುಗಿ. ಎರಡೂ ಕೈಯಲ್ಲಿ ತಲೆ ಒತ್ತಿ ಹಿಡಿದು ಮಲಗಿದ್ದಳು. ಅವಳ ಅತ್ತೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಹೇಳಿದಳು. ಬುಗುರಿಯಕ್ಕ ಅದನ್ನು ನನಗೆ ತಿಳಿಸಿದಳು.

"ಬೆಳಿಗ್ಗೆಯಿಂದ ತಲೆನೋವಂತೆ. ಚೆನ್ನಾಗಿ ವಿಶ್ರಾಂತಿ ತಗೊಳ್ಳಿ ಅಂತ ಡಾಕ್ಟ್ರು ಹೇಳಿದ್ದಾರಲ್ಲ, ಅದಕ್ಕೇ ಎಬ್ಬಿಸಿಲ್ವಂತೆ."

ಸಿಮೆಂಟ್ ಇಳಿಸುತ್ತಿದ್ದ ವ್ಯಾನಿನ ಡ್ರೈವರನ್ನು ಅವಳು ಕೇಳಿಕೊಳ್ಳಲಿಲ್ಲ, ಜಬರಿಸಿದಳು. ನಲ್ಲಿಯ ಹತ್ತಿರ ಕಲಿತ ಭಾಷೆ ಅವತ್ತು ಕೆಲಸಕ್ಕೆ ಬಂತು. ಮೂಟೆಗಳ ನಡುವೆ ಹುಡುಗಿಯನ್ನು ಮಲಗಿಸಿ, ಮಗು ಎತ್ತಿಕೊಂಡ ಅತ್ತೆಯನ್ನೂ ಹತ್ತಿಸಿಕೊಂಡು ಆಸ್ಪತ್ರೆಗೆ ಬಂದೆವು. ದಾರಿಯುದ್ದಕ್ಕೂ ಬುಗುರಿಯಕ್ಕ ಅವಳ ಕೆನ್ನೆ ತಟ್ಟುತ್ತ ಏನೇನೋ ಕೇಳುತ್ತಿದ್ದಳು. ಪ್ರತಿ ಸಲವೂ ಉತ್ತರ ಬರುವವರೆಗೆ ನನ್ನ ಜೀವ ಕೈಯಲ್ಲಿತ್ತು.

ಸೂಜಿ ಚುಚ್ಚಿದರು, ಡ್ರಿಪ್ ಹಾಕಿದರು. ಕಾರಿಡಾರಿನಲ್ಲಿ ಬುಗುರಿಯಕ್ಕ ಈ ಗೋಡೆಯಿಂದ ಆ ಗೋಡೆಗೆ ತಿರುಗುತ್ತಲೇ ಇದ್ದಳು. ಒಂದೂವರೆ ಗಂಟೆಯ ಮೇಲೆ ಡಾಕ್ಟರಮ್ಮ ಹೊರಗೆ ಬಂದರು.

"ಬಿಪಿ ಇಳೀತಿದೆ, ಬದುಕ್ಕೋತಾಳೆ. ಇನ್ನೊಂದು ಗಂಟೆ ತಡ ಆಗಿದ್ರೆ ಹೇಳೋಕಾಗ್ತಿರ್ಲಿಲ್ಲ."

ಮುಂದೆ ಏನು ಮಾಡಬೇಕು, ಯಾವ ಮಾತ್ರೆ, ಯಾವ ಲಕ್ಷಣ ಕಂಡರೆ ಮತ್ತೆ ಕರೆತರಬೇಕು ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಹೊರಡುತ್ತಲೇ ಕೇಳಿದರು. "ಅರ್ಥ ಆಯ್ತು ತಾನೆ? ಇವರಿಗೆ ಹೇಳ್ಬಿಡು."

ಅತ್ತೆ ತಲೆಯಾಡಿಸಿದಳು. ಅರ್ಧ ತಿಳಿಯದಿದ್ದರೂ ನಾನೂ ಆಡಿಸಿದೆ. ಬುಗುರಿಯಕ್ಕ ಮಾತ್ರ ಅಲ್ಲಾಡದೆ ನಿಂತಿದ್ದಳು.

"ಇಲ್ಲ ಡಾಕ್ಟ್ರಮ್ಮಾ. ನಂಗೆ ಅರ್ಥ ಆಗಿಲ್ಲ."

ಡಾಕ್ಟರಮ್ಮ ತಿರುಗಿದರು.

"ನಿನ್ನೆಯೂ ಅರ್ಥ ಆಗಿರ್ಲಿಲ್ಲ. ಕೊನೇದು ನಂಗೆ ತಿಳೀಲಿಲ್ಲ, ಆದ್ರೂ ತಲೆ ಆಡಿಸ್ಬಿಟ್ಟೆ. ನೆಲ ಒರೆಸೋಳು ನಾನು, ನಿಮ್ಮನ್ನ ಹೇಗೆ ಎರಡೆರಡು ಸಲ ಕೇಳೋದು ಅಂತ. ಆ ಜಾಗಕ್ಕೆ ನಾನೇ ವಿಶ್ರಾಂತಿ ಅಂತ ಸೇರಿಸಿ ಹೇಳ್ದೆ."

ಅವಳ ಕೆಲಸ ಹೋಯಿತೆಂದೇ ನಾನು ಭಾವಿಸಿದೆ. ಡಾಕ್ಟರಮ್ಮ ಗಡಿಯಾರ ನೋಡಿದರು. ಆಮೇಲೆ ಬೆಂಚಿನ ಮೇಲೆ ಕುಳಿತು ಪಕ್ಕದ ಜಾಗ ತಟ್ಟಿದರು.

"ಕೂತ್ಕೊಳ್ಳಿ. ಎಲ್ಲಿಂದ ಹೇಳ್ಲಿ?"

"ಮೊದಲಿಂದ."

ಬುಗುರಿಯಕ್ಕ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ಸಲ ಕೇಳಿಸಿಕೊಂಡಳು, ಅತ್ತೆಗೆ ಒಂದೊಂದೇ ಬಿಡಿಸಿ ಹೇಳಿದಳು. ಅತ್ತೆ ಕೂಡಲೇ ತಲೆಯಾಡಿಸಿದಳು. ಬುಗುರಿಯಕ್ಕ ಎರಡೂ ಕೈಯಲ್ಲಿ ಆ ತಲೆಯನ್ನು ಹಿಡಿದು ನಿಲ್ಲಿಸಿದಳು. ಅವಳೇನೆಂದಳೋ, ಭಾಷೆ ಬಾರದ ನನಗೂ ತಿಳಿಯಿತು: ತಲೆ ಬೇಡ, ಬಾಯಿಬಿಟ್ಟು ಹೇಳಿ.

ಅತ್ತೆ ಮೊದಲು ತಡವರಿಸಿದಳು. ಆಮೇಲೆ ಒಂದೊಂದೇ ಮಾತು ಹೇಳುತ್ತ ಹಣೆ ಮುಟ್ಟಿದಳು, ಕಣ್ಣು ಮುಟ್ಟಿದಳು, ಆಸ್ಪತ್ರೆಯ ಬಾಗಿಲ ಕಡೆ ಬೆರಳು ತೋರಿಸಿದಳು.