ಎಡಗೈಯಲ್ಲಿ ಎತ್ತಿದ ಭಂಡಾರ

ಭಾಗ್ಯಾ ಹುಟ್ಟಿದ್ದು ೧೯೯೮ರ ಜುಲೈ ೬ರಂದು, ಪಿಂಪ್ರಿ-ಚಿಂಚವಾಡದ ಕಟ್ಟಡ ಕಾರ್ಮಿಕರ ತಗಡಿನ ವಸತಿಯಲ್ಲಿ. ತಂದೆತಾಯಿ ಯಾದಗಿರಿ ಕಡೆಯವರು. ಆ ಮನೆಗಳ ಸಾಲಿನಲ್ಲಿ ಎಂ.ಎ. ಮುಗಿಸಿದವಳು ಇವಳೊಬ್ಬಳೇ. ಧರ್ಮವೂ ಮತದಾನವೂ ಒಂದನ್ನೊಂದು ಹೇಗೆ ಹಿಡಿದಿರುತ್ತವೆ ಎಂಬುದನ್ನು ಅಭ್ಯಸಿಸುತ್ತಿದ್ದ ಪುಣೆಯ ಸಂಸ್ಥೆಯೊಂದು, ಕನ್ನಡ ಬಲ್ಲವಳೆಂದು, ಅವಳನ್ನು ಸಂದರ್ಶನಗಳಿಗೆ ನೇಮಿಸಿಕೊಂಡಿತು. ಹೇಳಿದವರ ಹೆಸರು, ಊರು, ವಯಸ್ಸುಗಳನ್ನು ಬದಲಿಸಿಯೇ ಬರೆಯಬೇಕೆಂಬುದು ಅಲ್ಲಿಯ ಕಟ್ಟುನಿಟ್ಟು. ಭಾಗ್ಯಾ ಬದಲಿಸಿದಳು. ಕೈಯೊಂದನ್ನು ಬದಲಿಸಲಿಲ್ಲ.

ಅದು ನಡೆದದ್ದು ೨೦೨೪ರ ನವೆಂಬರ್ ೧೫, ಶುಕ್ರವಾರ, ಗೌರಿ ಹುಣ್ಣಿಮೆಯಂದು. ಹುಣ್ಣಿಮೆಯ ಹಿಂದಿನ ದಿನವೆನ್ನುವವರ ಮಾತು ತಪ್ಪು. ಮುಂದಿನ ಬುಧವಾರ ಮತದಾನ. ಕೆಲಸವನ್ನೂ ತಗಡಿನ ಮನೆಯನ್ನೂ ಕೊಡಿಸುವ ಮುಕಾದಮ ಫಕೀರಪ್ಪ, ವಸತಿಯ ಎಲ್ಲರನ್ನೂ ಎಲ್ಲಮ್ಮನ ಗುಡಿಯ ಮುಂದೆ ಕೂಡಿಸಿ, ತಾನು ಹೇಳಿದವರಿಗೇ ಮತ ಹಾಕುವುದಾಗಿ ಭಂಡಾರ ಎತ್ತಿಸಿದ. ದೇವಿಯ ಅರಿಸಿನ ಹಿಡಿದು ಆಣೆ ಮಾಡಿಸಿದ. ಭಾಗ್ಯಾ ಚಿಗವ್ವನೆಂದು ಕರೆಯುವ ಶರಣಮ್ಮನ ಬಲಗೈ ಕಾಂಕ್ರೀಟ್ ಯಂತ್ರಕ್ಕೆ ಸಿಕ್ಕು ಬ್ಯಾಂಡೇಜಿನಲ್ಲಿತ್ತು. ಅವಳೊಬ್ಬಳು ಎಡಗೈಯಲ್ಲಿ ಎತ್ತಿದಳು.

ಮರು ಮಾರ್ಚ್‌ನಲ್ಲಿ ರೊಟ್ಟಿ ಬಡಿಯುತ್ತ ಅವಳು ಭಾಗ್ಯಾಳಿಗೆ ಹೇಳಿದಳು: “ಎಡಗೈ ಆಣಿ ತಾಯಿಗೆ ಮುಟ್ಟೂದಿಲ್ಲವ್ವಾ. ನಾ ನನಗ ಬೇಕಾದವರಿಗೇ ಹಾಕೀನಿ.”

“ಚಿಗವ್ವ, ಇದನ್ನ ಬರಕೊಳ್ಳಲೇನು?”

“ಮನಿಮಗಳು ನೀ. ಕೇಳ್ತೀಯೇನ, ಹುಚ್ಚಿ! ರೊಟ್ಟಿ ತಿನ್ನು.”

ಮಗಳಿಗೆ ಕೊಟ್ಟ ಒಪ್ಪಿಗೆಯನ್ನು ಭಾಗ್ಯಾ ಸಂಸ್ಥೆಗೆ ಕೊಟ್ಟ ಒಪ್ಪಿಗೆಯೆಂದು ಎಣಿಸಿದಳು.

೨೦೨೫ರ ಆಗಸ್ಟ್ ೩, ಭಾನುವಾರ, ಮರಾಠಿ ಪತ್ರಿಕೆಯೊಂದರ ಪುರವಣಿಯಲ್ಲಿ ಅಧ್ಯಯನದ ಸಾರ ಅಚ್ಚಾಯಿತು. ಅದರಲ್ಲಿ ‘ಲಕ್ಷ್ಮಿ’ ಎಂಬ ಕಲ್ಪಿತ ಹೆಸರಿನ ಹೆಂಗಸು ಎಡಗೈಯಲ್ಲಿ ಆಣೆ ಮಾಡಿ, ತನಗೆ ಬೇಕಾದವರಿಗೇ ಮತ ಹಾಕಿದ್ದಳು. ಮಧ್ಯಾಹ್ನದೊಳಗೆ ಫಕೀರಪ್ಪ ಶರಣಮ್ಮನ ಬಾಗಿಲಲ್ಲಿದ್ದ.

“ಏನ ಲಕ್ಷ್ಮಕ್ಕಾ, ಪೇಪರದಾಗ ಭಾಳ ದೊಡ್ಡಾಕಿ ಆಗೀಯಲ್ಲ! ಮಂಗಳವಾರ ಬಲಗೈಲೆ ಭಂಡಾರ ಎತ್ತಿ ಸುಳ್ಳಂತ ಹೇಳು. ಇಲ್ಲಂದ್ರ ಮನಿ ಖಾಲಿ ಮಾಡು.”

ಬಲಗೈಯಲ್ಲಿ ಸುಳ್ಳು ಆಣೆ ಎತ್ತಿದವರ ಮನೆತನ ಉಳಿಯದೆಂದು ನಂಬಿದ್ದ ಶರಣಮ್ಮ ಗಂಟು ಕಟ್ಟತೊಡಗಿದಳು.

ಸೋಮವಾರ ಭಾಗ್ಯಾ ಅಧ್ಯಯನದ ಮುಖ್ಯಸ್ಥೆ ನೀಲಿಮಾ ಅವರ ಮುಂದೆ ಅತ್ತಳು. “ಜಾಲತಾಣದಿಂದ ಇವತ್ತೇ ತೆಗೆಸುತ್ತೇನೆ. ಓದಿದವರ ತಲೆಯಿಂದ ಹೇಗೆ ತೆಗೆಸಲಿ?” ಎಂದು ಅವರು ಮರಾಠಿಯಲ್ಲಿ ಕೇಳಿದರು. “ನಾನೇ ಬಂದು ಅವನೊಡನೆ ಮಾತಾಡಲೇ?”

“ಬೇಡ ಮೇಡಂ. ನೀವು ಬಂದರೆ ಅದು ನಿಜವೆಂದೇ ಆಗುತ್ತದೆ.”

ಮಂಗಳವಾರ ಗುಡಿಯಲ್ಲಿ ಶರಣಮ್ಮನನ್ನು ಕೂಗುವ ಮೊದಲೇ ಭಾಗ್ಯಾ ಮುಂದೆ ಹೋಗಿ ಬಲಗೈ ತುಂಬ ಭಂಡಾರ ಎತ್ತಿದಳು.

“ಕಾಕಾ, ಆ ಮಾತು ಯಾರೂ ಹೇಳಿಲ್ಲ. ನಾನ ಕಟ್ಟಿ ಬರದೀನಿ. ತಾಯಿ ಆಣಿ!”

“ಎಂ.ಎ. ಓದಿ ಸುಳ್ಳು ಬರಿಯಾಕ ಕಲ್ತೀಯೇನ?” ಎಂದ ಫಕೀರಪ್ಪ. ಜನ ನಕ್ಕರು. ಶರಣಮ್ಮನ ಮನೆ ಉಳಿಯಿತು. ಇನ್ನು ಮುಂದೆ ಯಾರೇ ಆಗಲಿ ಬಲಗೈಯಲ್ಲೇ ಎತ್ತಬೇಕೆಂದು ಅವನು ಅಲ್ಲೇ ಸಾರಿದ.

ಯಾರೋ ಮೊಬೈಲಿನಲ್ಲಿ ಹಿಡಿದ ಆ ಆಣೆ ಆಗಸ್ಟ್ ೮ರಂದು ಸಂಸ್ಥೆಯನ್ನು ತಲುಪಿತು. ಭಾಗ್ಯಾ ಬರೆದ ಸಂದರ್ಶನಗಳೆಲ್ಲ ರದ್ದಾದವು, ಕೆಲಸವೂ ಹೋಯಿತು. ನಿಜವನ್ನು ನೀಲಿಮಾ ಬಲ್ಲರು, ಹೇಳಲಾರರು: ಹೇಳಿದರೆ ಶರಣಮ್ಮ ಮತ್ತೆ ಬೀದಿಗೆ.

ಆ ಮಂಗಳವಾರ ಗುಡಿಯಿಂದ ಮರಳುವಾಗ ಶರಣಮ್ಮ ಭಾಗ್ಯಾಳ ಹಳದಿ ಅಂಗೈಯನ್ನು ಸೆರಗಿನಿಂದ ತಿಕ್ಕುತ್ತ ಅಳುತ್ತಿದ್ದಳು.

“ಬಲಗೈಲೆ ಯಾಕ ಎತ್ತಿದಿ ಮಗಳ? ಎಡಗೈ ಇದ್ದಿಲ್ಲೇನು ನಿನಗ?”

“ಎಡಗೈಲೆ ಎತ್ತಿದ್ರ ಈಗ ಯಾರು ನಂಬತಾರ ಚಿಗವ್ವ? ಪೇಪರದಾಗ ಬರದುಬಿಟ್ಟೀನಲ್ಲ.”